ಎಡಚ ಹೋದ ಮೇಲೆ

ಭಾನುವಾರ ಮಧ್ಯಾಹ್ನ ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆ ಅಳಿಯ ಬಾಯಿಬಿಟ್ಟ.

"ಮಾವ, ನಾನು ಬಂದರಿನ ಕ್ಲಬ್ಬಿಗೆ ಸಹಿ ಹಾಕಿದೀನಿ. ಮುಂದಿನ ವಾರ ಹೊರಡ್ಬೇಕು."

ಮೇಷ್ಟ್ರು ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು ಅವನ ಮುಖ ನೋಡಿದರು. ಊರಿನ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಆದ್ದರಿಂದ ಅವರು ಎಲ್ಲರಿಗೂ ಮೇಷ್ಟ್ರು. ಬಣ್ಣದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬೆಳಿಗ್ಗೆ ಸಂಜೆ ಮೈದಾನದಲ್ಲೇ ಇರುತ್ತಿದ್ದರು. ಮನೆ ಎನ್ನುವುದು ಊಟಕ್ಕೂ ನಿದ್ದೆಗೂ ಬರುವ ಜಾಗ. ಅಳಿಯ ಅದೇ ಕ್ಲಬ್ಬಿನ ಮುಂಚೂಣಿಯ ಆಟಗಾರ. ಅವನು ಎಡಗಾಲಲ್ಲಿ ಒದ್ದ ಚೆಂಡು ಗೋಲ್‌ಕೀಪರನ ಕೈಗೆ ಸಿಕ್ಕಿದ್ದು ಅಪರೂಪ. ಹಾಗಾಗಿ ಊರಿಗೆಲ್ಲ ಅವನು ಎಡಚ. ಹದಿನೇಳರ ಹುಡುಗನಾಗಿ ಬಂದವನನ್ನು ಮೇಷ್ಟ್ರು ತಿದ್ದಿ ತೀಡಿ ಆಟಗಾರನನ್ನಾಗಿ ಮಾಡಿದ್ದರು, ನಾಲ್ಕು ವರ್ಷದ ಹಿಂದೆ ದೊಡ್ಡ ಮಗಳನ್ನೂ ಕೊಟ್ಟು ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡಿದ್ದರು.

"ಹಾಕಿದೀನಿ ಅಂದ್ರೆ?"

"ಹಾಕಿಯಾಯ್ತು."

"ನನ್ನ ಕೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಮೇಷ್ಟ್ರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಬೇಳೆ ಸಾರು ಚೆಲ್ಲಿ ಮೇಜಿನ ಅಂಚಿನವರೆಗೂ ಹರಿಯಿತು. ಅವರ ಹೆಂಡತಿ ಬಟ್ಟೆ ತಂದು ಒರೆಸಿದಳು.

"ಇನ್ನೂ ಅರ್ಧ ಸೀಸನ್ ಬಾಕಿ ಇದೆ. ಪಟ್ಟಿಯಲ್ಲಿ ಕೆಳಗಿಂದ ನಾಲ್ಕನೇ ಜಾಗದಲ್ಲಿದೀವಿ. ನೀನು ಹೋದ್ರೆ ಕ್ಲಬ್ ಕೆಳಗಿನ ದರ್ಜೆಗೆ ಇಳಿಯುತ್ತೆ. ಗೊತ್ತಾ ನಿಂಗೆ?"

"ನಂಗೆ ಇಪ್ಪತ್ತೇಳು, ಮಾವ. ಈಗ ಹೋಗ್ಲಿಲ್ಲ ಅಂದ್ರೆ ಇನ್ಯಾವಾಗ ಹೋಗ್ಲಿ? ಮೊಣಕಾಲು ಸವೆದ ಮೇಲಾ?"

"ಅಳಿಯ ಮನೆ ತೊಳಿಯ ಅಂತ ಗಾದೆ," ಎಂದಳು ಅಜ್ಜಿ, ಮೂಲೆಯ ಕುರ್ಚಿಯಲ್ಲಿ ಅನ್ನ ಕಲಸುತ್ತ. ಮೇಷ್ಟ್ರ ತಾಯಿ, ಹಲ್ಲೆಲ್ಲ ಉದುರಿದ್ದರೂ ಮಾತು ಕಚ್ಚುತ್ತಿತ್ತು. "ನಮ್ಮೋನು ತಟ್ಟೆನಾದ್ರೂ ತೊಳೀತಿದ್ದ. ಇನ್ಮೇಲೆ ಅದೂ ಇಲ್ಲ."

ಚಿಕ್ಕ ಮಗಳಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಅವಳತ್ತ ಕಣ್ಣು ಕೆಕ್ಕರಿಸಿ, ದೊಡ್ಡವಳ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಹೋದ ವಾರ ಹೇಳಿದ್ರು."

"ಒಂದು ವಾರ ಒಂದೇ ಮನೇಲಿ ಉಂಡು, ನನ್ನ ಮುಂದೆ ಓಡಾಡಿ, ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

"ಅವರ ಕೆಲಸದ ವಿಷಯ. ಅವರೇ ಹೇಳ್ಲಿ ಅಂತ ಬಿಟ್ಟೆ."

"ಸರಿ," ಎಂದರು ಮೇಷ್ಟ್ರು ಎದ್ದು ನಿಂತು. "ಅವನು ಹೋಗೋದಾದ್ರೆ ಹೋಗ್ಲಿ. ಇವಳನ್ನ ಕಳಿಸಲ್ಲ. ಆ ಕ್ಲಬ್ಬಿನವರು ಬಾಡಿಗೆ ರೂಮಲ್ಲಿ ಮೂರ್ನಾಲ್ಕು ಆಟಗಾರರನ್ನ ಒಟ್ಟಿಗೆ ಹಾಕ್ತಾರೆ, ಅಲ್ಲಿ ಇವಳಿಗೇನು ಕೆಲಸ?"

"ಬೇರೆ ಮನೆ ನೋಡ್ತೀನಿ," ಎಂದ ಅಳಿಯ.

"ನೋಡು. ನೋಡಿದ ಮೇಲೆ ಮಾತಾಡು."

ದೊಡ್ಡವಳು ಇಬ್ಬರನ್ನೂ ನೋಡಿದಳು. "ನಾನು ಹೋಗ್ತೀನೋ ಇರ್ತೀನೋ ಅಂತ ನನ್ನನ್ನ ಯಾರಾದ್ರೂ ಕೇಳ್ತೀರಾ?"

ಆ ಮಾತು ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಮೇಷ್ಟ್ರು ಕೈ ತೊಳೆಯಲು ಹೋಗಿದ್ದರು, ಅಳಿಯ ಮಹಡಿ ಹತ್ತುತ್ತಿದ್ದ.

ಅವನು ಹೊರಟ ದಿನ ಮೇಷ್ಟ್ರು ಮನೆಯಲ್ಲಿರಲಿಲ್ಲ. ದೊಡ್ಡವಳು ಜೊತೆಗೆ ಹೋಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಅವಳ ತಾಯಿಯ ಟೈಲರಿಂಗ್ ಅಂಗಡಿ; ಶಾಲೆಗಳು ತೆರೆಯುವ ಕಾಲವಾದ್ದರಿಂದ ಸಮವಸ್ತ್ರದ ಬಟ್ಟೆ ಮಾಡಿನವರೆಗೂ ಒಟ್ಟಿತ್ತು. ತಾಯಿ ಕತ್ತರಿಸುತ್ತಿದ್ದಳು, ದೊಡ್ಡವಳು ಹೊಲಿಯುತ್ತಿದ್ದಳು. "ಈ ಹೊಲಿಗೆ ಮುಗೀಲಿ, ಆಮೇಲೆ ಯೋಚಿಸ್ತೀನಿ," ಎಂದು ಅವಳು ಗಂಡನಿಗೆ ಹೇಳಿದ್ದಳು. ಮೇಷ್ಟ್ರು ಅದನ್ನು ತಮ್ಮ ಗೆಲುವು ಎಂದುಕೊಂಡರು.

ಎಡಚನಿಲ್ಲದ ಮೊದಲ ಪಂದ್ಯ ಸ್ವಂತ ಮೈದಾನದಲ್ಲೇ ಇತ್ತು. ಮಧ್ಯದ ಆಟಗಾರ, ಪೋಸ್ಟ್‌ಮ್ಯಾನ್ ಕೆಲಸದವನು, ಚೆಂಡು ಕಾಲಿಗೆ ಸಿಕ್ಕಿದೊಡನೆ ತಲೆಯೆತ್ತಿ ನೋಡದೆ ಎಡಬದಿಗೆ ಒದೆಯುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಚೆಂಡು ಗೆರೆ ದಾಟಿ ತಗಡಿನ ಬೇಲಿಗೆ ಬಡಿದು ಸದ್ದಾಗುತ್ತಿತ್ತು. ಮೊದಲ ಸಲ ಜನ ನಕ್ಕರು, ಆಮೇಲೆ ಕೂಗಾಡಿದರು. ಅರ್ಧ ಆಟ ಮುಗಿಯುವ ಹೊತ್ತಿಗೆ ಬೇಲಿ ಸದ್ದಾದಾಗಲೆಲ್ಲ ಯಾರೋ ಒಬ್ಬ ಏರಿದ ದನಿಯಲ್ಲಿ, "ಮೇಷ್ಟ್ರೇ, ಅಳಿಯಂದ್ರಿಗೆ ಫೋನ್ ಮಾಡಿ, ಚೆಂಡು ಬಂದು ಕಾಯ್ತಾ ಇದೆ," ಎನ್ನುತ್ತಿದ್ದ. ಐದು ಗೋಲು ಬಿದ್ದವು. ಹೊಡೆದದ್ದು ಸೊನ್ನೆ.

ಮುಂದಿನ ಪಂದ್ಯವೂ ಹೋಯಿತು. ಅದರ ಮುಂದಿನದೂ ಹೋಯಿತು. ಮೇಷ್ಟ್ರು ಮನೆಗೆ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಎಷ್ಟು ಗೋಲು ಬಿತ್ತು ಎಂದು ಅಜ್ಜಿ ಹೇಳಿಬಿಡುತ್ತಿದ್ದಳು.

"ಹಾವಿಗೆ ಹಾಲೆರೆದೆ," ಎಂದರು ಒಂದು ಸಂಜೆ. "ಶೂ ಇಲ್ದೆ ಬಂದಿದ್ದ. ಲೇಸ್ ಕಟ್ಟೋದು ಕಲಿಸಿದವನು ನಾನು."

"ಲೇಸ್ ಕಟ್ಟೋದು ಕಲಿಸಿದ್ರೆ ಸಾಯೋವರೆಗೂ ಕಟ್ಟಿಹಾಕ್ಬೇಕಾ?" ಎಂದಳು ಚಿಕ್ಕವಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ದಿನವಿಡೀ ಅಪರಿಚಿತರ ಪಕ್ಕ ಪ್ರಾಣ ಕೈಯಲ್ಲಿ ಹಿಡಿದು ಕೂತು ಬಂದವಳಿಗೆ ಮನೆಯಲ್ಲಿ ಯಾರ ಹೆದರಿಕೆಯೂ ಇರಲಿಲ್ಲ.

"ನೀನು ಸುಮ್ನಿರು."

"ಉಳಿದ ಹತ್ತು ಜನಕ್ಕೆ ಏನು ಕಾಲಿಲ್ವೇನೋ?" ಎಂದು ಅಜ್ಜಿ ಕೇಳಿದಳು.

"ಅಮ್ಮ, ನಿಂಗೆ ಆಟ ಗೊತ್ತಿಲ್ಲ."

"ಗೊತ್ತಿಲ್ಲ. ಎಣಿಸೋಕೆ ಬರುತ್ತೆ."

ಆಗ ಕತ್ತರಿಸುವ ಮೇಜಿನ ಮೇಲಿದ್ದ ದೊಡ್ಡವಳ ಫೋನ್ ಬಡಿದುಕೊಂಡಿತು. ಅವಳು ಒಳಗೆ ಇಸ್ತ್ರಿ ಪೆಟ್ಟಿಗೆ ಆರಿಸಲು ಹೋಗಿದ್ದಳು. ಮೇಷ್ಟ್ರು ಕೈಗೆತ್ತಿಕೊಂಡು, "ಅವಳಿಗೆ ಬಿಡುವಿಲ್ಲ," ಎಂದು ಹೇಳಿ ಕರೆ ಕತ್ತರಿಸಿದರು. ತಿರುಗಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅದು ನನ್ನ ಫೋನ್."

"ಒಂದೆರಡು ವಾರ ಮಾತಾಡ್ಬೇಡ. ನಿನ್ನ ಬಿಟ್ಟಿರೋಕಾಗ್ದೆ ತಾನೇ ವಾಪಸ್ ಬರ್ತಾನೆ."

"ಗಾಳಕ್ಕೆ ಸಿಕ್ಕಿಸೋ ಎರೆಹುಳನಾ ನಾನು?"

"ಏನು ಮಾತು ಅಂತ ಆಡ್ತೀಯ. ನಿನ್ನ ಒಳ್ಳೇದಕ್ಕೆ ಹೇಳಿದೆ."

"ಎಷ್ಟು ಸಲ ಮಾಡಿದ್ರು ಅವರು? ಎಷ್ಟು ಸಲ ಹೀಗೆ ಹೇಳಿದ್ರಿ?"

ಮೇಷ್ಟ್ರು ಫೋನನ್ನು ಬೆನ್ನ ಹಿಂದೆ ಹಿಡಿದರು. ತಾಯಿ ಕತ್ತರಿ ಕೆಳಗಿಟ್ಟು, "ಫೋನ್ ಕೊಡ್ರೀ ಅವಳಿಗೆ," ಎಂದಳು. ಆ ದನಿಯಲ್ಲಿ ಅವಳು ಮಾತಾಡುವುದು ಕಡಿಮೆ. ಕೊಟ್ಟರು.

ಎಲ್ಲರೂ ಕೊಕ್ಕರೆ ಎಂದು ಕರೆಯುವ ಹುಡುಗ ಸಿಕ್ಕಿದ್ದು ಆ ದಿನಗಳಲ್ಲೇ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವ ಇಪ್ಪತ್ತೆರಡರ ಯುವಕ. ಉದ್ದನೆಯ ಕಾಲು, ಉದ್ದನೆಯ ಕತ್ತು, ಹೆಗಲ ಮೇಲೆ ತುಂಬಿದ ಸಿಲಿಂಡರ್ ಇಟ್ಟುಕೊಂಡು ಮೂರು ಮಹಡಿ ಓಡಿ ಹತ್ತುತ್ತಿದ್ದ. ಮೇಷ್ಟ್ರು ಅವನನ್ನು ಮೈದಾನಕ್ಕೆ ಕರೆದೊಯ್ದರು. ಎರಡನೇ ಪಂದ್ಯದಲ್ಲೇ ತಲೆಯಿಂದ ಒಂದು ಗೋಲು ಹೊಡೆದ. ಮೂರನೆಯದರಲ್ಲಿ ಎರಡು.

ಮೇಷ್ಟ್ರು ಅವನನ್ನು ಊಟಕ್ಕೆ ಕರೆತಂದರು. ಕೊಕ್ಕರೆ ಮೂರು ಸಲ ಅನ್ನ ಹಾಕಿಸಿಕೊಂಡ. ಮುಂದಿನ ಗುರುವಾರ ಮತ್ತೆ ಬಂದ. ಅದರ ಮುಂದಿನ ಗುರುವಾರ ಮೇಷ್ಟ್ರು ಚಿಕ್ಕವಳಿಗೆ, "ನೀನೇ ಬಡಿಸು," ಎಂದರು. ತಾಯಿ ಒಲೆಯ ಮುಂದಿನಿಂದ ತಟ್ಟನೆ ತಿರುಗಿ ಗಂಡನನ್ನು ನೋಡಿದಳು. ಮೇಷ್ಟ್ರು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು.

"ಕೈಯಿದೆಯಲ್ಲ, ಬಡಿಸ್ಕೊಳ್ಲಿ," ಎಂದಳು ಚಿಕ್ಕವಳು.

"ಬಡಿಸ್ಕೋತೀನಿ," ಎಂದ ಕೊಕ್ಕರೆ ಗಾಬರಿಯಿಂದ.

"ಇವನಿಗೆ ಕಾರು ಕಲಿಬೇಕಂತೆ," ಎಂದರು ಮೇಷ್ಟ್ರು. "ಬೆಳಿಗ್ಗೆ ಒಂದು ಗಂಟೆ ಕಲಿಸು. ನಮ್ಮ ಹುಡುಗ."

"ನಮ್ಮ ಹುಡುಗ ಅನ್ನೋದನ್ನ ಎಲ್ಲೋ ಕೇಳಿದ ಹಾಗಿದೆ," ಎಂದಳು ಅಜ್ಜಿ.

ಕಲಿಸುವುದು ಅವಳ ಕಸುಬು. ಒಪ್ಪಿಕೊಂಡಳು. ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಮೊದಲೆರಡು ದಿನ ಅವಳು ಅದನ್ನು ಎಷ್ಟು ಸಲ ಒತ್ತಿದಳೆಂದರೆ ಮೀನಖಂಡ ಹಿಡಿದುಕೊಂಡಿತು. ಮೂರನೇ ದಿನ ನೀರಿನ ಟ್ಯಾಂಕಿನ ಹಿಂದಿನ ಖಾಲಿ ರಸ್ತೆಯಲ್ಲಿ ಅವನು ತಕ್ಕಮಟ್ಟಿಗೆ ನೆಟ್ಟಗೆ ಓಡಿಸುತ್ತಿದ್ದ.

"ಮೇಷ್ಟ್ರು ಒಂದು ಮಾತು ಹೇಳಿದ್ರು," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ.

"ಕ್ಲಚ್ ನಿಧಾನ ಬಿಡು. ಏನು ಹೇಳಿದ್ರು?"

"ಚೆನ್ನಾಗಿ ಆಡ್ತಿದೀಯ, ಬೇರೆ ಕ್ಲಬ್ಬಿನವರು ಬಂದು ತಲೆ ಕೆಡಿಸ್ತಾರೆ, ನೀನು ಯಾರ ಮಾತೂ ಕೇಳ್ಬೇಡ, ಇಲ್ಲೇ ಮನೆಯವನಾಗಿ ಇದ್ದುಬಿಡು ಅಂದ್ರು." ಅವನು ಗೇರ್ ಬದಲಿಸಿದ. "ಚಿಕ್ಕೋಳಿಗೂ ವಯಸ್ಸಾಯ್ತು ಅಂದ್ರು. ಮಹಡಿ ಕೋಣೆ ಖಾಲಿನೇ ಇದೆ ಅಂದ್ರು."

ಅವಳು ಬ್ರೇಕ್ ತುಳಿದಳು. ಕೊಕ್ಕರೆಯ ಎದೆ ಸ್ಟಿಯರಿಂಗಿಗೆ ತಾಗಿ ಹಾರ್ನ್ ಕಿರುಚಿತು.

"ಆ ಕೋಣೇಲಿ ನಮ್ಮಕ್ಕ ಮಲಗ್ತಾಳೆ."

"ನಂಗೇನು ಗೊತ್ತು. ಅವರು ಹೇಳಿದ್ದನ್ನ ಹೇಳಿದೆ. ನೀವು ತಪ್ಪು ತಿಳ್ಕೋಬೇಡಿ, ನಂಗೆ ಲೈಸೆನ್ಸ್ ಸಿಕ್ಕಿದ್ರೆ ಸಾಕು. ಸಿಲಿಂಡರ್ ಹೊರೋದು ಬಿಟ್ಟು ವ್ಯಾನ್ ಓಡಿಸ್ಬಹುದು."

"ಇಳಿ."

"ಇಲ್ಲೇನಾ?"

"ಕಾಲು ಉದ್ದ ಇದೆಯಲ್ಲ. ನಡಿ."

ಆ ಸಂಜೆ ಅವಳು ಕೈಕಾಲು ತೊಳೆಯುವ ಮೊದಲೇ, ಎಲ್ಲರೂ ಕೂತಿದ್ದ ಮೇಜಿನ ಮುಂದೆ ನಿಂತು ಒಂದೂ ಬಿಡದೆ ಹೇಳಿದಳು. ಮನೆಯವನಾಗು ಎಂದದ್ದು, ಚಿಕ್ಕೋಳಿಗೆ ವಯಸ್ಸಾಯ್ತು ಎಂದದ್ದು, ಮಹಡಿ ಕೋಣೆ.

"ಮಾತಿಗೆ ಹೇಳಿದ್ದು," ಎಂದರು ಮೇಷ್ಟ್ರು. "ಹುಡುಗ ಒಳ್ಳೆಯವನು. ನಿಂಗೆ ಇಷ್ಟ ಇಲ್ಲ ಅಂದ್ರೆ ಯಾರು ಬಲವಂತ ಮಾಡ್ತಾರೆ?"

"ಅವನನ್ನ ಕೇಳಿದ್ರಿ. ನನ್ನನ್ನ ಯಾವಾಗ ಕೇಳೋರಿದ್ರಿ, ಲೀಗ್ ಮುಗಿದ ಮೇಲಾ?"

ದೊಡ್ಡವಳು ತಟ್ಟೆಯಲ್ಲಿ ಕೈಯಿಟ್ಟವಳು ತಲೆಯೆತ್ತಿದಳು.

"ಅಪ್ಪ, ಆ ವರ್ಷ ನದಿ ಆಚೆ ಕ್ಲಬ್ಬಿನವರು ಇವರನ್ನ ಕೇಳ್ಕೊಂಡು ಬಂದಿದ್ರು. ಅಲ್ವಾ?"

"ಯಾವ ವರ್ಷ?"

"ನಂಗೆ ಮದುವೆ ಆದ ವರ್ಷ. ಅವರು ಬಂದು ಹೋದ್ರು. ಆಮೇಲೆ ನೀವು ಇವರನ್ನ ಊಟಕ್ಕೆ ಕರ್ಕೊಂಡು ಬಂದ್ರಿ. ಅವತ್ತೂ ಮೀನೇ ಮಾಡಿದ್ದು. ಅಮ್ಮ ಪಾತ್ರೆ ನನ್ನ ಕೈಗೆ ಕೊಟ್ಟು ನೀನೇ ಬಡಿಸು ಅಂದ್ಲು."

ಮೇಷ್ಟ್ರ ಮುಖ ಕೆಂಪಾಯಿತು. "ಕುಡಿಯಲ್ಲ, ಸೇದಲ್ಲ, ಹೆಂಡತಿ ಮೇಲೆ ಕೈ ಮಾಡಲ್ಲ. ಅಂಥವನನ್ನ ಹುಡುಕಿ ಕೊಟ್ಟೆ. ಅದರಿಂದ ಕ್ಲಬ್ಬಿಗೂ ಒಳ್ಳೇದಾದ್ರೆ ತಪ್ಪೇನು? ಸ್ವಾಮಿಕಾರ್ಯಾನೂ ಆಯ್ತು, ಸ್ವಕಾರ್ಯಾನೂ ಆಯ್ತು ಅಂದ್ಕೊಂಡೆ."

"ಆ ಎರಡರಲ್ಲಿ ನಾನು ಯಾವುದು?"

"ನೀನೂ ಒಪ್ಪಿದ್ದೆ."

"ಒಪ್ಪಿದ್ದೆ. ಗಂಡು ನೋಡಿದಾರೆ ಅಂತ ಒಪ್ಪಿದ್ದೆ. ಆಟಗಾರನಿಗೆ ಹಗ್ಗ ಹೊಸೀತಿದಾರೆ ಅಂತ ಯಾರೂ ಹೇಳಿರ್ಲಿಲ್ಲ." ಅವಳು ತಾಯಿಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

ತಾಯಿ ಸೌಟು ಹಿಡಿದು ನಿಂತಿದ್ದಳು. "ಗೊತ್ತಿತ್ತು. ಹುಡುಗ ಒಳ್ಳೆಯವನು, ನೀನು ಕಣ್ಣೆದುರಿಗೇ ಇರ್ತೀಯ ಅನ್ನಿಸ್ತು. ಸುಮ್ನಿದ್ದೆ."

"ಸುಮ್ನಿದ್ದೆ," ಎಂದು ದೊಡ್ಡವಳು ಆ ಮಾತನ್ನೇ ಮತ್ತೆ ಹೇಳಿದಳು.

ಎಡಗೈಯಲ್ಲಿ ಫೋನ್ ತೆಗೆದು, ಗಂಡನ ಸಂಖ್ಯೆ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಳು.

"ಒಂದೇ ಮಾತು ಕೇಳ್ತೀನಿ. ಅಪ್ಪ ನನ್ನನ್ನ ನಿಮಗೆ ಕೊಟ್ಟಿದ್ದು ನೀವು ನದಿ ಆಚೆ ಹೋಗಬಾರ್ದು ಅಂತ. ನಿಮಗೆ ಗೊತ್ತಿತ್ತಾ?"

ಆ ಕಡೆಯಿಂದ ಯಾರೋ ನಗುವ ಸದ್ದು, ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಒಂದು ಬಾಗಿಲು ಮುಚ್ಚಿದ ಸದ್ದು.

"ಗೊತ್ತಿತ್ತು," ಎಂದ ಎಡಚ. "ಸರ್ ಹೇಳಿದ್ರು. ನಮ್ಮ ಹುಡುಗೀನ ಮದುವೆ ಆಗಿ ಇಲ್ಲೇ ಇರು, ನಾಯಕನ್ನ ಮಾಡ್ತೀನಿ ಅಂತ. ಆದ್ರೆ ಆಮೇಲೆ ನಾನು ನಿನ್ನ—"

"ಆಮೇಲಿಂದನ್ನ ಆಮೇಲೆ ಹೇಳಿ," ಎಂದು ಫೋನ್ ಆರಿಸಿದಳು.

ನಾಲ್ಕು ವರ್ಷ ಮಾವ ಎಂದವನು ಈಗ ಸರ್ ಎಂದದ್ದು ಮೇಷ್ಟ್ರಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಅವರು ತಟ್ಟೆಯ ಅಂಚಿಗೆ ಕೈಯಿಂದ ಹೊಡೆದರು. ಅದು ಹಾರಿ ಗೋಡೆಗೆ ತಾಗಿ ನೆಲದ ಮೇಲೆ ಗಿರಗಿರ ತಿರುಗಿತು.

"ತಟ್ಟೆ ಮೇಲೆ ಯಾಕೋ ಸಿಟ್ಟು?" ಎಂದಳು ಅಜ್ಜಿ. "ಅದೇನು ಕ್ಲಬ್ ಬಿಟ್ಟು ಹೋಯ್ತಾ?"

ಯಾರೂ ನಗಲಿಲ್ಲ.

ದೊಡ್ಡವಳು ವಾರದೊಳಗೆ ಮನೆ ಬಿಟ್ಟಳು. ಡ್ರೈವಿಂಗ್ ಶಾಲೆಯ ಮೇಲಿನ ಕೋಣೆ ಬಾಡಿಗೆಗಿತ್ತು. ಚಿಕ್ಕವಳು ಮಾತಾಡಿ ಕೊಡಿಸಿದಳು. ಹೊಲಿಗೆ ಯಂತ್ರವನ್ನು ಶಾಲೆಯ ಕಾರಿನ ಹಿಂದಿನ ಸೀಟಿನಲ್ಲಿ ಸಾಗಿಸಿದರು. ಗಂಡ ಬಾ ಎಂದ; ಹೋಗಲಿಲ್ಲ. ತಾಯಿ ಬಂದು ಬಾಗಿಲಲ್ಲಿ ಅತ್ತಳು. ಮಗಳು ಒಳಗೆ ಕರೆದು ಟೀ ಕೊಟ್ಟಳು, ಮನೆಗೆ ಬರುವ ಮಾತು ಕೊಡಲಿಲ್ಲ.

ತಾಯಿ ಮನೆಗೆ ಹೋದವಳೇ, ಕತ್ತರಿಸಿಟ್ಟಿದ್ದ ಕ್ಲಬ್ಬಿನ ಹೊಸ ಜೆರ್ಸಿ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಗಂಡನ ಕಾಲ ಬಳಿ ಇಟ್ಟಳು.

"ಇದನ್ನ ಹೊಲಿಯಲ್ಲ ನಾನು."

"ಶನಿವಾರ ಪಂದ್ಯ ಇದೆ."

"ಹಳೇದನ್ನ ಹಾಕ್ಕೊಂಡು ಆಡ್ಲಿ. ನಿಮ್ಮ ಹನ್ನೊಂದು ಜನಕ್ಕೆ ಇಪ್ಪತ್ತು ವರ್ಷ ಹೊಲಿದೆ, ಒಗೆದೆ, ಬೇಯಿಸಿ ಹಾಕಿದೆ. ಒಂದು ಮಾತು ಆಡ್ಬೇಕಾದ ದಿನ ಸುಮ್ನಿದ್ದು ಮಗಳನ್ನ ಕಳ್ಕೊಂಡೆ. ಅನ್ನ ಪಾತ್ರೇಲಿದೆ, ಬಡಿಸ್ಕೊಳ್ಳಿ."

ಹಳೆಯ ಜೆರ್ಸಿ ಹಾಕಿಕೊಂಡೇ ಆಡಿದರು. ಅಭ್ಯಾಸದ ಹೊತ್ತಿನಲ್ಲಿ ಪೋಸ್ಟ್‌ಮ್ಯಾನ್ ಮತ್ತೆ ಎಡಕ್ಕೆ ಒದ್ದಾಗ ಮೇಷ್ಟ್ರು ಬಾಯಿಗೆ ಬಂದಂತೆ ಬೈದರು. ಅವನು ಚೆಂಡನ್ನು ಕಾಲಡಿ ನಿಲ್ಲಿಸಿ ನಿಂತುಬಿಟ್ಟ.

"ಇಷ್ಟು ವರ್ಷ ಎಡಕ್ಕೆ ಕೊಡು, ಎಡಕ್ಕೆ ಕೊಡು ಅಂತ ಗಂಟಲು ಹರ್ಕೊಂಡವರು ನೀವು. ಬಲಕ್ಕೆ ಕೊಟ್ಟವರನ್ನ ಬೆಂಚಲ್ಲಿ ಕೂರಿಸಿದ್ರಿ. ನಮಗೆ ಬೇರೆ ಏನು ಕಲಿಸಿದ್ರಿ? ಅದನ್ನ ಹೇಳಿ, ಹಾಗೇ ಆಡ್ತೀವಿ."

ಮೇಷ್ಟ್ರು ಸೀಟಿಯನ್ನು ಬಾಯಿಯ ಹತ್ತಿರ ತಂದು ಊದದೆ ಇಳಿಸಿದರು. ಮನೆಯಲ್ಲಿ ಕೇಳಿಸಿಕೊಂಡದ್ದೇ ಸಾಲದೆಂದು ಇಲ್ಲೂ ಕೇಳಬೇಕಾಯಿತು. ಅಂದು ಅವರು ಅಭ್ಯಾಸ ನಿಲ್ಲಿಸಿ ಹೊರಟುಹೋದರು. ಮರುದಿನ ಬಂದವರು ಮೈದಾನದ ಅರ್ಧ ಭಾಗಕ್ಕೆ ಸುಣ್ಣದಲ್ಲಿ ಚೌಕ ಎಳೆದು, ಎಲ್ಲರ ಕಾಲಿಗೂ ಒಮ್ಮೆ ಚೆಂಡು ತಾಗದ ಹೊರತು ಗೋಲಿನತ್ತ ಒದೆಯಬಾರದು ಎಂದರು. ಮುಂದಿನ ವಾರಗಳಲ್ಲಿ ಒಂದು ಪಂದ್ಯ ಸಮವಾಯಿತು. ಇನ್ನೊಂದರಲ್ಲಿ ಹಿಂದಿನ ಸಾಲಿನವನ ಮೊಣಕಾಲಿಗೆ ಬಡಿದು ಚೆಂಡು ಹೇಗೋ ಒಳಗೆ ಹೋಗಿ ಗೆದ್ದರು. ನೋಡಲು ಚೆಂದದ ಆಟವೇನಲ್ಲ. ಆದರೆ ಬೇಲಿಯ ಸದ್ದು ನಿಂತಿತು.

ಕೊಕ್ಕರೆ ಒಂದು ಸಂಜೆ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತ.

"ನದಿ ಆಚೆ ಕ್ಲಬ್ಬಿನವರು ಕರೀತಿದಾರೆ ಮೇಷ್ಟ್ರೇ. ವ್ಯಾನ್ ಓಡಿಸೋ ಕೆಲಸಾನೂ ಕೊಡ್ತಾರಂತೆ. ನಾನಿನ್ನೂ ಹೂಂ ಅಂದಿಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ."

"ಒಳಗೆ ಬಾ. ಊಟ ಮಾಡ್ಕೊಂಡು—" ಎಂದು ಶುರು ಮಾಡಿದರು ಮೇಷ್ಟ್ರು.

"ಹೇಳಿ," ಎಂದಳು ತಾಯಿ, ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ. "ಮಹಡಿ ಕೋಣೆ ಈಗ ನಿಜವಾಗ್ಲೂ ಖಾಲಿ ಇದೆ."

ಮೇಷ್ಟ್ರು ಬಾಯಿ ಮುಚ್ಚಿದರು. ಆಮೇಲೆ, "ಸೀಸನ್ ಮುಗಿಸ್ಕೊಂಡು ಹೋಗು," ಎಂದರು ಒರಟಾಗಿ. "ಅಷ್ಟರೊಳಗೆ ತಲೆಯಿಂದ ಹೊಡೆಯೋದನ್ನ ಇನ್ನಿಬ್ಬರಿಗೆ ಕಲಿಸಿಟ್ಟು ಹೋಗು. ಬಿಟ್ಟಿಯಾಗಿ ಬಿಡಲ್ಲ."

ಕ್ಲಬ್ ಕೆಳಗಿನ ದರ್ಜೆಗೆ ಇಳಿಯಲಿಲ್ಲ. ಕೊನೆಯ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಮೇಷ್ಟ್ರು ಡ್ರೈವಿಂಗ್ ಶಾಲೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರು. ದೊಡ್ಡವಳ ಬಾಗಿಲು ತೆರೆದಿತ್ತು. ಯಂತ್ರದ ಮೇಲೆ ಯಾರದೋ ನೀಲಿ ಕೋಟಿನ ತೋಳು ಹರಡಿತ್ತು. ಅವಳು ಅದಕ್ಕೆ ಲೈನಿಂಗ್ ಬಟ್ಟೆ ಹೊಲಿಯುತ್ತಿದ್ದಳು.

"ಉಳ್ಕೊಂಡ್ವಿ," ಎಂದರು.

"ತಂಗಿ ಹೇಳಿದ್ಲು."

ಅವರು ಕೋಣೆಯನ್ನು ನೋಡಿದರು. ಒಂದು ಮಂಚ, ಒಂದು ಒಲೆ, ಗೋಡೆಯ ಮೊಳೆಗೆ ಅಳತೆಯ ಟೇಪು.

"ಮನೆಗೆ ಬಾ."

"ಹೇಳೋಕೆ ಬಂದ್ರಾ, ಕೇಳೋಕೆ ಬಂದ್ರಾ?"

ಮೇಷ್ಟ್ರಿಗೆ ಸಿಟ್ಟು ಉಕ್ಕಿತು. ಕೆಳಗೆ ಯಾರೋ ಕಲಿಯುವವರು ಗೇರು ತಪ್ಪಿಸಿ ಕಾರು ಕರಕರ ಎಂದಿತು. ಅದು ಮುಗಿಯುವವರೆಗೂ ತಡೆದುಕೊಂಡು, "ಕೇಳೋಕೆ," ಎಂದರು.

"ಹಾಗಾದ್ರೆ ಬರಲ್ಲ."

ಅವರು ತಲೆಯಾಡಿಸಿದರು. ಅವಳು ದಾರ ಹಲ್ಲಿನಿಂದ ಕಡಿದು ಕೋಟನ್ನು ಮಗುಚಿದಳು.

"ಸೋಮವಾರ ಬಂದರಿಗೆ ಹೋಗ್ತಿದೀನಿ."

"ಅವನ ಜೊತೆ ಇರೋಕಾ?"

"ಅವರನ್ನ ಮದುವೆ ಆಗ್ಬಹುದಾ ಅಂತ ನೋಡೋಕೆ."

"ಆಗಿ ನಾಲ್ಕು ವರ್ಷ ಆಯ್ತಲ್ಲೇ."

"ನೀವು ಮಾಡಿಸಿದ್ದು ಆಯ್ತು. ನಾನಿನ್ನೂ ಆಗಿಲ್ಲ."

ಮೇಷ್ಟ್ರಿಗೆ ಹೇಳಲು ಬಹಳ ಮಾತಿತ್ತು. ಜನ ಏನಂತಾರೆ ಎಂಬುದಿತ್ತು, ನಿನ್ನಮ್ಮ ಊಟ ಬಿಟ್ಟಿದಾಳೆ ಎಂಬುದಿತ್ತು. ಮಗಳು ಅಷ್ಟನ್ನೂ ಅವರ ಮುಖದಲ್ಲಿ ಓದಿದವಳಂತೆ ಕಾದಳು.

"ಒಪ್ಪಿಗೆ ಆಗ್ಲಿಲ್ಲ ಅಂದ್ರೆ?" ಎಂದು ಮಾತ್ರ ಕೇಳಿದರು.

"ಬಸ್ಸಿದೆ. ವಾಪಸ್ ಬರ್ತೀನಿ. ಈ ಕೋಣೆಗೆ."

ಅವಳು ತಲೆ ತಗ್ಗಿಸಿ ಪೆಡಲ್ ತುಳಿದಳು. ಯಂತ್ರ ಓಡತೊಡಗಿತು. ಕೂತ್ಕೊಳ್ಳಿ ಎಂದು ಅವಳು ಹೇಳಲಿಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತೇ ಇದ್ದರು.